ಬೂಟುಗಾಲಿನ ಬಿ.ಎ.

ಹಾಜರಿ ಕೂಗಿದಾಗ ಉತ್ತರ ಕೊಡುವುದು ಬಹಳ ಸುಲಭದ ಕೆಲಸವೆಂದು ನೀವು ತಿಳಿದಿರಬಹುದು. ದಿನಕ್ಕೆ ಒಂದೇ ಕಡೆ ಹಾಜರಿ ಹೇಳುವವರಿಗೆ ಅದು ಸುಲಭವೇ. ನಾನು ಎರಡು ಕಡೆ ಹೇಳುತ್ತಿದ್ದೆ. ನಸುಕಿನಲ್ಲಿ ಭಾಂಡುಪಿನ ಆಚೆಗಿದ್ದ ನಮ್ಮ ಫೌಜಿ ಡಿಪೋದ ಮೈದಾನದಲ್ಲಿ ಒಮ್ಮೆ, ಆಮೇಲೆ ಘಾಟ್ಕೋಪರಿನ ಬೆಳಗಿನ ಕಾಲೇಜಿನಲ್ಲಿ ಇನ್ನೊಮ್ಮೆ. ಮೈದಾನದಲ್ಲಿ ನನ್ನ ಹೆಸರು ಕೂಗಿದರೆ ಬೇಲಿಯಾಚೆಯ ತಬೇಲೆಯ ಎಮ್ಮೆಗಳು ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಉತ್ತರ ಕೊಡಬೇಕು. ಕಾಲೇಜಿನಲ್ಲಿ ತುಟಿ ಅಲುಗಿದರೆ ಸಾಕು. ಕೆಲವರ ತುಟಿಯೂ ಅಲುಗುತ್ತಿರಲಿಲ್ಲ, ಅವರ ಪರವಾಗಿ ಪಕ್ಕದವರದು ಅಲುಗುತ್ತಿತ್ತು. ಎರಡರ ನಡುವೆ ಇದ್ದದ್ದು ಲೋಕಲ್ ಗಾಡಿಯ ಕೆಲವೇ ಸ್ಟೇಷನ್. ಅಷ್ಟರೊಳಗೆ ಒಬ್ಬ ಮನುಷ್ಯ ತನ್ನ ಗಂಟಲನ್ನು ಬದಲಾಯಿಸಿಕೊಳ್ಳುವುದಾದರೂ ಹೇಗೆ?

ಮೊದಲ ದಿನವೇ ಎಡವಟ್ಟಾಯಿತು. ತರ್ಕಶಾಸ್ತ್ರದ ಕುಲಕರ್ಣಿ ಮೇಡಂ ಹಾಜರಿ ಕೂಗುತ್ತ ಕೂಗುತ್ತ 'ಮುಲ್ಲಾ' ಎಂದರು. ನಾನು ಎದ್ದು, ಮೊಳೆ ಹೊಡೆದ ಬೂಟಿನ ಹಿಮ್ಮಡಿಗಳನ್ನು ಒಂದಕ್ಕೊಂದು ಬಡಿದು, ಎದೆ ಮುಂದೆ ಮಾಡಿ, 'ಯೆಸ್ ಸರ್' ಎಂದು ಅಬ್ಬರಿಸಿದೆ. ಮೇಡಂ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ಮುಂದಿನ ಬೆಂಚಿನ ಗುಜರಾತಿ ಹುಡುಗಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಮೇಡಂ ಸೀಮೆಸುಣ್ಣ ಎತ್ತಿಕೊಂಡು, ನನ್ನ ಫೌಜಿ ಯೂನಿಫಾರ್ಮನ್ನೂ ಬೋಳುತಲೆಯನ್ನೂ ಒಮ್ಮೆ ನೋಡಿ, "ಯಾವೂರ್ರೀ ನಿಮ್ದು?" ಎಂದು ಧಾರವಾಡದ ಕನ್ನಡದಲ್ಲಿ ಕೇಳಿದರು. "ವಿಜಾಪುರ, ಸರ್" ಎಂದೆ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವರಿರಬಹುದಾದ, ಎರಡು ಜಡೆ ಬಿಟ್ಟು ಈಗಷ್ಟೇ ತುರುಬು ಕಟ್ಟಲು ಕಲಿತಂತಿದ್ದ ಆ ಹೆಣ್ಣುಮಗಳನ್ನು ನಾನು ಆ ವರ್ಷವಿಡೀ 'ಸರ್' ಎಂದೇ ಕರೆದೆ. ತಿದ್ದಿಕೊಳ್ಳಲು ಪ್ರಯತ್ನಿಸಲಿಲ್ಲವೆಂದಲ್ಲ. ಒಮ್ಮೆ ಪ್ರಯತ್ನಿಸಿ ಮರುದಿನ ಪರೇಡಿನಲ್ಲಿ ಸುಬೇದಾರರಿಗೆ 'ಯೆಸ್ ಮೇಡಂ' ಎಂದುಬಿಟ್ಟೆ. ಅದರ ಪರಿಣಾಮವನ್ನು ಇಲ್ಲಿ ಬರೆಯುವುದಿಲ್ಲ. ಆದರೆ 'ಸರ್' ಅನ್ನುವುದೇ ಆರೋಗ್ಯಕ್ಕೆ ಒಳ್ಳೆಯದೆಂದು ಆ ದಿನ ತೀರ್ಮಾನಿಸಿದೆ.

ಫೌಜಿನಲ್ಲಿ ಎರಡು ಹೊತ್ತಿನ ಊಟ, ಬಟ್ಟೆ, ತಲೆಯ ಮೇಲೊಂದು ಸೂರು ಇರುವಾಗ ಕಾಲೇಜಿನ ಉಸಾಬರಿ ನನಗೇಕೆ ಬೇಕಿತ್ತು ಎಂದು ನೀವು ಕೇಳಬಹುದು. ನಮ್ಮ ಅಬ್ಬಾ ವಿಜಾಪುರದಲ್ಲಿ ಟಾಂಗಾ ಹೊಡೆಯುತ್ತಿದ್ದರು. ಮ್ಯಾಟ್ರಿಕ್ ಮುಗಿದ ಕೂಡಲೇ ನಾನು ಫೌಜಿಗೆ ಸೇರಿದೆ. ಅಕ್ಷರ ದುಂಡಗಿದೆಯೆಂದು ಗುಮಾಸ್ತಿಕೆಗೆ ಹಾಕಿದರು. ನೆಮ್ಮದಿಯಾಗಿಯೇ ಇದ್ದೆ. ಒಂದು ಸಂಜೆ ಭಾಂಡುಪಿನ ಕಾರ್ಖಾನೆಯೊಂದರ ಮುಂದೆ ಹಾದುಹೋಗುತ್ತಿದ್ದಾಗ ಗೇಟಿನಲ್ಲಿ ನಿಂತಿದ್ದ ಕಾವಲುಗಾರ ನನಗೆ ಸೆಲ್ಯೂಟ್ ಹೊಡೆದ. ನೋಡಿದರೆ ನಮ್ಮ ಡಿಪೋದಿಂದಲೇ ನಿವೃತ್ತರಾದ ಹವಾಲ್ದಾರರು. ಒಂದು ಕಾಲಕ್ಕೆ ನನ್ನನ್ನು ಮೈದಾನದ ತುಂಬ ಓಡಿಸಿದವರು. ದಿನವಿಡೀ ಬರುವ ಹೋಗುವ ಕಾರುಗಳಿಗೆ ಸೆಲ್ಯೂಟ್ ಹೊಡೆದು ಹೊಡೆದು, ಯಾರು ಕಂಡರೂ ಅವರ ಕೈ ತಾನಾಗಿಯೇ ಮೇಲೇಳುತ್ತಿತ್ತು. ಗುರುತು ಹಿಡಿದ ಮೇಲೆ ಅವರು ನಕ್ಕರು, ನಾನೂ ನಕ್ಕೆ. ಆದರೆ ಆ ಸೆಲ್ಯೂಟು ನನ್ನ ಬೆನ್ನು ಬಿಡಲಿಲ್ಲ. ಮುಂದಿನ ತಿಂಗಳು ಕಾಲೇಜಿಗೆ ಹೋಗಲು ಅನುಮತಿ ಬೇಕೆಂದು ಸುಬೇದಾರ್ ಪಾಟೀಲ ಸಾಹೇಬರ ಮುಂದೆ ನಿಂತೆ.

ಪಾಟೀಲ ಸಾಹೇಬರು ಗೋಕಾಕದ ಕಡೆಯವರು. ಅವರ ಮೀಸೆಯ ತುದಿಗಳು ಯಾವಾಗಲೂ ಪರೇಡಿನ ಸಾವಧಾನ್ ಸ್ಥಿತಿಯಲ್ಲಿ ನೆಟ್ಟಗಿರುತ್ತಿದ್ದವು. ಕಮಾಂಡಿಂಗ್ ಆಫೀಸರರು ಸಹಿ ಹಾಕುತ್ತಿದ್ದದ್ದು ಇವರು ತಲೆಯಾಡಿಸಿದ ಮೇಲೆಯೇ.

"ಕಾಲೇಜು ಕಲ್ತು ಏನ್ ಮಾಡಾಂವ ನೀ?" ಎಂದರು.

"ಬಿ.ಎ. ಮಾಡ್ತೀನ್ರಿ ಸಾಹೇಬ್ರ."

"ಅದು ಗೊತ್ತಾತು. ಬಿ.ಎ. ಮಾಡಿ ಏನ್ ಮಾಡಾಂವ?"

ನಾನು ಅವರ ಮೀಸೆಯ ತುದಿಯನ್ನೇ ನೋಡಿದೆ. ಅವರು ಆ ತುದಿಯನ್ನು ನೀವಿಕೊಂಡು, "ಹೋಗು. ಆದ್ರ ಪಿ.ಟಿ. ತಪ್ಪಂಗಿಲ್ಲ. ಆ ಕಾಲೇಜಿನ ಹುಡುಗರ ಗತೆ ತಲಿಗೂದಲಾ ಬೆಳೆಸಿದಿ ಅಂದ್ರ ನಾನ ಕತ್ತರಿ ತಗೊಂಡು ಬರ್ತೀನಿ" ಎಂದರು. ಅದು ಹುಡುಗರೆಲ್ಲ ಭುಜದವರೆಗೆ ಕೂದಲು ಬಿಡುತ್ತಿದ್ದ ಕಾಲ. ಹಿಂದಿನಿಂದ ನೋಡಿದರೆ ನಮ್ಮ ತರಗತಿಯಲ್ಲಿ ಗಂಡಸೆಂದು ಖಚಿತವಾಗಿ ಹೇಳಬಹುದಾದವನು ನಾನೊಬ್ಬನೇ. ಪಿ.ಟಿ. ಮುಗಿಸಿ ಬಟ್ಟೆ ಬದಲಾಯಿಸಲು ಪುರಸೊತ್ತಿಲ್ಲದೆ ಯೂನಿಫಾರ್ಮಿನಲ್ಲೇ ಲೋಕಲ್ ಹತ್ತುತ್ತಿದ್ದೆ. ಕಾಲೇಜಿನ ವರಾಂಡದಲ್ಲಿ ನನ್ನ ಬೂಟಿನ ಸದ್ದು ಕೇಳಿದೊಡನೆ ಗಲಾಟೆಯೆಲ್ಲ ಅಡಗುತ್ತಿತ್ತು. ಪ್ರಾಂಶುಪಾಲರು ಬಂದಾಗ ಅಷ್ಟು ಅಡಗುತ್ತಿರಲಿಲ್ಲ. ಕ್ರಮೇಣ ಹುಡುಗರಿಗೆ ನಾನು ಅಪಾಯಕಾರಿಯಲ್ಲವೆಂದು ತಿಳಿದು, ಕ್ಯಾಂಟೀನಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡತೊಡಗಿದರು.

ನಿಜವಾದ ತೊಂದರೆ ಬಂದದ್ದು ಬೂಟಿನಿಂದಲ್ಲ, ತರ್ಕಶಾಸ್ತ್ರದಿಂದ. ಯಾವುದನ್ನೂ ಸುಮ್ಮನೆ ಒಪ್ಪಬೇಡಿ, ಯಾಕೆ ಎಂದು ಕೇಳಿ ಎನ್ನುವುದು ಕುಲಕರ್ಣಿ ಮೇಡಂ ದಿನವೂ ಹೇಳುತ್ತಿದ್ದ ಮಾತು. ಉಳಿದ ಹುಡುಗರು ಆ ಮಾತನ್ನು ಪರೀಕ್ಷೆಗೆಂದು ಬರೆದುಕೊಂಡರು. ಆದರೆ ಹೇಳಿದ್ದನ್ನು ಹೇಳಿದಂತೆ ಮಾಡುವುದು ಫೌಜಿ ಮನುಷ್ಯನ ಅಭ್ಯಾಸ. ಯಾರೋ ಮೇಲಿನವರು ಯಾಕೆ ಎಂದು ಕೇಳು ಎಂದಿದ್ದಾರೆ, ಕೇಳಿಬಿಟ್ಟೆ. ಕೇಳಿದ್ದು ಮಾತ್ರ ತಪ್ಪು ಜಾಗದಲ್ಲಿ.

ಡಿಪೋಗೆ ದೊಡ್ಡ ಸಾಹೇಬರೊಬ್ಬರ ತಪಾಸಣೆ ಬರುವುದಿತ್ತು. ಧ್ವಜಕಂಬದ ಸುತ್ತಲಿನ ಕಲ್ಲುಗಳಿಗೆ ಹಿಂದಿನ ವಾರವಷ್ಟೇ ಸುಣ್ಣ ಬಳಿದಿದ್ದೆವು. ಬೆಳಗಿನ ಪರೇಡಿನಲ್ಲಿ ಪಾಟೀಲ ಸಾಹೇಬರು, ಎಲ್ಲ ಕಲ್ಲಿಗೂ ಮತ್ತೊಮ್ಮೆ ಸುಣ್ಣ ಬಳಿಯಬೇಕೆಂದು ಹುಕುಂ ಮಾಡಿದರು. ಸಾಲಿನಿಂದ ಒಂದು ಧ್ವನಿ, "ಯಾಕ್ರಿ ಸಾಹೇಬ್ರ?" ಎಂದಿತು. ಯಾರಪ್ಪಾ ಈ ಧೈರ್ಯಶಾಲಿ ಎಂದು ನಾನೂ ಎಲ್ಲರಂತೆ ಆಚೀಚೆ ನೋಡಬೇಕೆಂದಿದ್ದೆ. ಆಮೇಲೆ ಗೊತ್ತಾಯಿತು, ಅದು ನಾನೇ.

ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿದು ಮೈದಾನ ಸುತ್ತಿದೆ. ನನಗೆ ಸಾಕೆನಿಸುವವರೆಗೆ ಅಲ್ಲ, ಅವರಿಗೆ ಸಾಕೆನಿಸುವವರೆಗೆ. ಏದುಸಿರು ಬಿಡುತ್ತ ಮುಂದೆ ನಿಂತಾಗ ಅವರ ದನಿ ತಣ್ಣಗಿತ್ತು. ಅವರ ದನಿ ತಣ್ಣಗಿರುವುದು ನಮಗೆಲ್ಲ ಹೆದರಿಕೆಯ ಸಂಗತಿ.

"ಈ ಯಾಕ ಅನ್ನೂದು ಯಾರು ಕಲಿಸಿದ್ರು ನಿನಗ?"

"ಕಾಲೇಜಿನ ಕುಲಕರ್ಣಿ ಬಾಯಾರು, ಸಾಹೇಬ್ರ."

"ನಾಳೆ ಆ ಬಾಯಾರನ್ನ ನೋಡ್ತೀನಿ. ಆಮ್ಯಾಲ ನಿನ್ನ ಕಾಲೇಜು ಇರಬೇಕೋ ಬ್ಯಾಡೋ ಹೇಳ್ತೀನಿ."

ಆ ದಿನ ಪುಸ್ತಕಗಳನ್ನೆಲ್ಲ ಟ್ರಂಕಿನ ತಳಕ್ಕೆ ಇಟ್ಟೆ. ಪರೀಕ್ಷೆಗೆ ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಪಾಟೀಲ ಸಾಹೇಬರು ಒಮ್ಮೆ ಬೇಡವೆಂದರೆ ಆಯಿತು, ಅದರ ಮೇಲೆ ಮಾತಿಲ್ಲ.

ಮರುದಿನ ಅವರು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ, ಎದೆಯ ಮೇಲೆ ಪದಕಗಳ ಪಟ್ಟಿ ಹಚ್ಚಿಕೊಂಡು ನನ್ನೊಡನೆ ಲೋಕಲ್ ಹತ್ತಿದರು. ಡಬ್ಬಿಯಲ್ಲಿ ಇಬ್ಬರು ಎದ್ದು ಜಾಗ ಬಿಟ್ಟುಕೊಟ್ಟರು. ಕಾಲೇಜು ಮುಟ್ಟಿದಾಗ, ತರಗತಿ ಮುಗಿದ ಮೇಲೆ ಮಾತಾಡೋಣ, ಅಲ್ಲಿಯವರೆಗೆ ಕುಳಿತಿರಿ ಎಂದರು ಮೇಡಂ. ಸಾಹೇಬರು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ, ಬೆನ್ನು ಬೆಂಚಿಗೆ ತಾಗದಂತೆ ಕುಳಿತರು. ಅಷ್ಟು ಸಂಪೂರ್ಣ ಶಾಂತಿಯನ್ನು ಆ ತರಗತಿ ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಪಾಠ ಇಂಗ್ಲಿಷಿನಲ್ಲಿತ್ತು. ಮೇಡಂ ಕಾರಣ ಎಂದರೇನು ಎಂಬುದನ್ನು ವಿವರಿಸುತ್ತಿದ್ದರು. ಬೆಳಿಗ್ಗೆ ಮಿಲ್ಲಿನ ಭೋಂಗಾ, ಅಂದರೆ ಸೈರನ್, ಕೂಗುತ್ತದೆ, ಆಮೇಲೆ ಲೋಕಲ್ ಬರುತ್ತದೆ. ದಿನವೂ ಹೀಗೇ ಆದರೂ ಭೋಂಗಾ ಕೂಗಿದ್ದೇ ಲೋಕಲ್ ಬರಲು ಕಾರಣವೆಂದು ಹೇಳುವ ಹಾಗಿಲ್ಲ ಎಂದರು. ಸಾಹೇಬರು ನನ್ನ ಕಡೆ ಬಗ್ಗಿ, "ಏನಂತಾರ?" ಎಂದು ಪಿಸುಗುಟ್ಟಿದರು. ಮೈದಾನದ ಮನುಷ್ಯನ ಪಿಸುಮಾತು ಇಡೀ ತರಗತಿಗೆ ಕೇಳಿಸಿತು. ನಾನು ಕನ್ನಡದಲ್ಲಿ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರು. ಆಮೇಲೆ ತಲೆಯೆತ್ತಿ ನೇರವಾಗಿ ಮೇಡಂ ಅವರನ್ನೇ ಕೇಳಿದರು: "ಅದ್ಯಾಕ್ರಿ?"

ನಾನು ಛಾವಣಿ ನೋಡತೊಡಗಿದೆ. ತಾವು ಏನು ಕೇಳಿದೆವೆಂಬುದು ಅವರಿಗೇ ಹೊಳೆದದ್ದು ಒಂದು ಕ್ಷಣ ತಡವಾಗಿ. ಮೀಸೆಯ ತುದಿ ಅಲುಗಿತು. ಮೇಡಂ ಮಾತ್ರ ಏನೂ ಆಗದವರಂತೆ, "ಛಲೋ ಪ್ರಶ್ನೆ ಕೇಳಿದ್ರಿ" ಎಂದು, ಮಿಲ್ಲಿಗೆ ರಜೆ ಇದ್ದ ದಿನ ಭೋಂಗಾ ಕೂಗದಿದ್ದರೂ ಗಾಡಿ ಬಂದೇ ಬರುತ್ತದಲ್ಲವೇ ಎಂದು ಕನ್ನಡದಲ್ಲೇ ಬಿಡಿಸಿ ಹೇಳಿದರು. ಗುಜರಾತಿ, ಮರಾಠಿ ಹುಡುಗರೆಲ್ಲ ಅರ್ಥವಾದವರಂತೆ ತಲೆಯಾಡಿಸಿದರು. ಸಾಹೇಬರ ಮುಂದೆ ಕುಳಿತು ಅರ್ಥವಾಗಲಿಲ್ಲ ಎನ್ನುವ ಧೈರ್ಯ ಯಾರಿಗಿತ್ತು?

ತರಗತಿ ಖಾಲಿಯಾದ ಮೇಲೆ ಸಾಹೇಬರು ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಮೇಡಂ ಮುಂದೆ ನಿಂತರು.

"ಬಾಯಾರ, ನೀವು ಕಲಿಸೂದು ತಪ್ಪು ಅನ್ನಂಗಿಲ್ಲ ನಾ. ಆದ್ರ ನಮ್ಮಲ್ಲೆ ಯಾಕ ಅನ್ನಾಕ ಟೈಮ್ ಇರಂಗಿಲ್ರಿ. ಹಿಂದಿನ ಲಡಾಯಿಯೊಳಗ ನೆಲಕ್ಕ ಬೀಳ್ರಿ ಅಂತ ಒದರಿದೆ. ಎಲ್ಲಾರೂ ಬಿದ್ರು. ಒಬ್ಬ ಹುಡುಗ ತಿರುಗಿ ನನ್ನ ಮಾರಿ ನೋಡಿದ. ಬಾಯಿ ಬಿಟ್ಟು ಕೇಳಲಿಲ್ಲ, ಬರೇ ನೋಡಿದ. ಅಷ್ಟ."

ಮೈದಾನದಲ್ಲಿ ನಮ್ಮನ್ನು ಅವರು ಅಷ್ಟೊಂದು ಓಡಿಸುತ್ತಿದ್ದದ್ದು ಏಕೆಂದು ನನಗೆ ಆಗ ಮೊದಲ ಸಲ ತಿಳಿಯಿತು. ಮೇಡಂ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದರು: "ಬೀಳ್ರಿ ಅಂತ ನೀವು ಯಾಕ ಒದರಿದ್ರಿ ಅನ್ನೂದು ನಿಮಗ ಗೊತ್ತಿತ್ತಲ್ರಿ ಸುಬೇದಾರ್ ಸಾಹೇಬ್ರ. ಅದಕ್ಕ ಉಳಿದವರು ಉಳಿದ್ರು. ನಾಳೆ ಇವರೂ ಯಾರಿಗೋ ಹುಕುಂ ಕೊಡವರ. ಆವಾಗ ಇವರಿಗೂ ಗೊತ್ತಿರಬೇಕಲ್ರಿ."

ಸಾಹೇಬರು ಟೋಪಿ ಹಾಕಿಕೊಂಡು ಸೆಲ್ಯೂಟ್ ಹೊಡೆದು ಹೊರಟರು. ಲೋಕಲ್‌ನಲ್ಲಿ ವಿಕ್ರೋಳಿ ದಾಟುವವರೆಗೂ ಅವರು ಕಿಟಕಿಯಾಚೆಯ ಕಾರ್ಖಾನೆಗಳನ್ನೇ ನೋಡುತ್ತಿದ್ದರು. ನಾನು ಟ್ರಂಕಿನ ತಳದ ಪುಸ್ತಕಗಳನ್ನು ಯಾರಿಗೆ ಕೊಡುವುದೆಂದು ಯೋಚಿಸುತ್ತಿದ್ದೆ. ಭಾಂಡುಪ್ ಬರುತ್ತಿದ್ದಂತೆ ಅವರು ಎದ್ದು ಬಾಗಿಲ ಬಳಿ ನಿಂತು, "ಪರೀಕ್ಷಾ ಯಾವಾಗ?" ಎಂದರು.

ಹೇಳಿದೆ.

"ಆ ವಾರ ನಿನಗ ಗಾರ್ಡ್ ಡ್ಯೂಟಿ ಇಲ್ಲ. ಸುಣ್ಣ ಮಾತ್ರ ಇವತ್ತ ಬಳೀಬೇಕು."

ಬಳಿದೆ. ಯಾಕೆ ಎಂದು ಕೇಳಲಿಲ್ಲ. ಪರೀಕ್ಷೆಯಲ್ಲಿ ಪಾಸೂ ಆದೆ. ಬಂದ ಅಂಕಗಳ ಬಗ್ಗೆ ಹೆಮ್ಮೆ ಪಡುವಂಥದ್ದೇನಿರಲಿಲ್ಲ. ಆದರೂ ಸಾಹೇಬರು ಪರೇಡಿನಲ್ಲಿ ನನ್ನನ್ನು ಒಂದು ಹೆಜ್ಜೆ ಮುಂದೆ ಕರೆದು, ಎಲ್ಲರಿಗೂ ಕೇಳುವಂತೆ ಫಲಿತಾಂಶ ಹೇಳಿ, ಚಪ್ಪಾಳೆ ತಟ್ಟಲು ಹುಕುಂ ಮಾಡಿದರು. ಹುಕುಮಿನ ಮೇಲೆ ತಟ್ಟಿದ ಚಪ್ಪಾಳೆಯಾದರೂ ಎಲ್ಲರೂ ಮನಸ್ಸಿಟ್ಟೇ ತಟ್ಟಿದರು.

ಜೂನ್ ತಿಂಗಳ ಮೊದಲ ಮಳೆಯ ದಿನ ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಬಾಗಿಲು ಹಾಕು ಎಂದರು. ಮಾಡಿದ ತಪ್ಪು ಯಾವುದಿರಬಹುದೆಂದು ನಾನು ಲೆಕ್ಕ ಹಾಕುತ್ತಿದ್ದಾಗ, ಕಿಟಕಿಯ ಕಡೆ ಮುಖ ಮಾಡಿ ಕೇಳಿದರು: "ಹಳೇ ಕಾಲದ ಮ್ಯಾಟ್ರಿಕ್ ನಡೀತದೇನು ನಿಮ್ಮ ಕಾಲೇಜಿನ್ಯಾಗ?"

"ನಡೀತದ್ರಿ. ಯಾರಿಗ್ರಿ ಸಾಹೇಬ್ರ?"

"ಎರಡು ವರ್ಷಕ್ಕ ನಂದು ಪಿಂಚಣಿ. ಆಮ್ಯಾಲ ಊರಾಗ ಕಟ್ಟಿ ಮ್ಯಾಲ ಕುಂತು ಮೀಸಿ ತಿರುವ್ಕೋತ ಇರ್ಲೇನು? ನಮ್ಮನಿಯಾಕಿ ನಗತಾಳ. ನೀ ನಗಬ್ಯಾಡ."

ನಾನು ನಗಲಿಲ್ಲ. ನಗಬೇಕೆಂದು ಅನಿಸಲೂ ಇಲ್ಲ. ಕಮಾಂಡಿಂಗ್ ಆಫೀಸರರು ನಕ್ಕರಂತೆ, ಆದರೆ ಸಹಿ ಹಾಕಿ ನಕ್ಕರಂತೆ.

ಕಾಲೇಜು ಶುರುವಾದ ದಿನ ಇಬ್ಬರೂ ಒಟ್ಟಿಗೆ ಹೋದೆವು. ನನ್ನದು ಎರಡನೆಯ ವರ್ಷ, ಅವರದು ಮೊದಲನೆಯದು. ಕಾಲೇಜಿನ ಮೆಟ್ಟಿಲ ಬಳಿ ಎಂದಿನಂತೆ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟೆ. ಅವರು ಅಲ್ಲಾಡಲಿಲ್ಲ. "ಇಲ್ಲೆ ನೀ ಸೀನಿಯರ್. ಮುಂದ ನಡಿ" ಎಂದರು. ನನ್ನ ಜೀವನದಲ್ಲಿ ಒಬ್ಬ ಸುಬೇದಾರರ ಮುಂದೆ ನಡೆದದ್ದು ಅದೇ ಮೊದಲು. ಎದೆ ಅಷ್ಟಗಲವಾಯಿತು. ವರಾಂಡದಲ್ಲಿ ನಾಲ್ಕು ಬೂಟುಗಳ ಸದ್ದು ಒಂದೇ ತಾಳದಲ್ಲಿ ಬಿತ್ತು. ಹುಡುಗರು ಎರಡೂ ಬದಿಗೆ ಸರಿದು ನಿಂತರು. ಆಚೀಚೆ ನೋಡುವುದು ಸೀನಿಯರಿಗೆ ಶೋಭೆಯಲ್ಲವೆಂದು ತಲೆಯೆತ್ತಿ, ತೋಳು ಬೀಸಿ, ಅವರನ್ನು ನೇರವಾಗಿ ಕರೆದುಕೊಂಡು ಹೋದೆ. ಬಾಗಿಲು ನೂಕಿ ಒಳಗೆ ಕಾಲಿಟ್ಟ ಮೇಲೆಯೇ ಗೊತ್ತಾದದ್ದು, ಅದು ಹುಡುಗಿಯರ ವಿಶ್ರಾಂತಿ ಕೋಣೆ. ಒಳಗಿದ್ದವರು ಬಾಚಣಿಗೆಗಳನ್ನು ಹಿಡಿದ ಕೈ ಹಿಡಿದಂತೆಯೇ ನಮ್ಮನ್ನು ನೋಡಿದರು.

ಹಿಂದಿನಿಂದ ತಣ್ಣಗಿನ ದನಿಯೊಂದು "ಪೀಛೇ ಮುಡ್" ಎಂದಿತು. ಇಲ್ಲಿ ಸೀನಿಯರ್ ನಾನು ಎಂಬುದು ನೆನಪಾಗುವಷ್ಟರಲ್ಲಿ ನನ್ನ ಹಿಮ್ಮಡಿ ಹಿಂದಕ್ಕೆ ತಿರುಗಿಯಾಗಿತ್ತು.