ಗೋಂದಣ್ಣನ ಡೆಪ್ತ್

ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಗೋಂದಣ್ಣ ಯಾರ ತಂಟೆಗೂ ಹೋದವನಲ್ಲ. ಕೈಗೆ ಮಾತ್ರವಲ್ಲ, ತುಟಿಗೂ ಗೋಂದು ಮೆತ್ತಿಕೊಂಡಿದ್ದಾನೆ ಎಂದೇ ಆ ಹೆಸರು ಬಿದ್ದಿತ್ತು. ಒಂದು ಬೆಳಿಗ್ಗೆ, ಹೊಸದಾಗಿ ಬಂದಿದ್ದ ಲೈಬ್ರೇರಿಯನ್ ಮೇಡಂ ಅವನ ಕೋಣೆಗೆ ಇಣುಕಿ, ಅವನನ್ನೇ ಒಂದು ಗಳಿಗೆ ದಿಟ್ಟಿಸಿ, "ನಿಮ್ಮಲ್ಲಿ ಡೆಪ್ತ್ ಇದೆ ಕಣ್ರೀ" ಎಂದು ಹೇಳಿ ಹೊರಟುಹೋದರು.

ಗೋಂದಣ್ಣ ಆ ಪದವನ್ನು ಕಂಡಿದ್ದು ಈಜುಕೊಳದ ಬೋರ್ಡಿನ ಮೇಲೆ. ಅದರ ಕೆಳಗೊಂದು ತಲೆಬುರುಡೆಯ ಚಿತ್ರವೂ ಇತ್ತು. ಕುಂಚ ಹಿಡಿದುಕೊಂಡೇ ಕೌಂಟರಿಗೆ ಓಡಿದ.

"ಅಕ್ಕ, ಮನುಷ್ಯನಲ್ಲಿ ಡೆಪ್ತ್ ಇದೆ ಅಂದ್ರೇನು?"

ಪುಸ್ತಕಗಳಿಗೆ ಮೊಹರು ಒತ್ತುತ್ತಿದ್ದ ಕೌಂಟರಿನ ಅಕ್ಕ ಕನ್ನಡಕ ಜಾರಿಸಿ ನೋಡಿದಳು. "ಯಾರಿಗಂದ್ರು?"

"ನಂಗೆ. ಮೇಡಂ ಅಂದ್ರು."

"ಡೆಪ್ತ್ ಅಂದ್ರೆ ಆಳ. ನೀನು ಭಾರೀ ಆಳದ ಆಸಾಮಿ, ಒಳಗೇನಿದೆಯೋ ಗೊತ್ತಾಗಲ್ಲ ಅಂತ. ಏನು ಮುಚ್ಚಿಟ್ಟಿದೀಯ?"

"ನನ್ನ ಹತ್ರ ಏನಿದೆ ಮುಚ್ಚಿಡೋಕೆ?"

"ನೋಡು, ಕೇಳಿದ್ರೂ ಬಾಯಿ ಬಿಡಲ್ಲ. ಅದಕ್ಕೇ ಅವರು ಹಾಗಂದಿದ್ದು."

ಅಷ್ಟರಲ್ಲಿ ಬಾಗಿಲ ಕಾವಲಿನವನು ಬಂದು ನಿಘಂಟು ತೆಗೆಸಿದ. ಆಳ, ಗಾಂಭೀರ್ಯ, ಗಾಢತೆ, ಗೂಢತೆ ಎಂದು ಅರ್ಥಗಳು ಸಾಲಾಗಿ ನಿಂತಿದ್ದವು. ಕಾವಲಿನವನ ಬೆರಳು ಗಾಂಭೀರ್ಯವನ್ನು ಹಾರಿಕೊಂಡು ಹೋಗಿ ಕೊನೆಯದರ ಮೇಲೆ ನೊಣದಂತೆ ಕೂತಿತು.

"ಗೂಢ. ಅಂದ್ರೆ ಗೂಢಚಾರ. ನಮ್ಮ ಸುದ್ದಿಯೆಲ್ಲ ಮೇಡಂ ಕಿವಿಗೆ ಹೇಗೆ ಬೀಳುತ್ತೆ ಅಂತ ಯೋಚಿಸ್ತಾನೇ ಇದ್ದೆ."

ಮಧ್ಯಾಹ್ನ ಅವರಿಬ್ಬರೂ ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಇವನು ನೀರು ಕುಡಿಯಲು ಹತ್ತಿರ ಹೋದರೆ ಮಾತು ನಿಂತು, ಅಗಿಯುವ ಸದ್ದು ಮಾತ್ರ ಕೇಳಿತು. ಮನೆಯಿಂದ ಹೆಂಡತಿಯ ಫೋನು ಬಂತು. ಅಕ್ಕ ಆಗಲೇ ಅವಳ ತಲೆಗೂ ಹುಳ ಬಿಟ್ಟಿದ್ದಳು.

"ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಸಿಗದ ಆಳ ಅವರಿಗೆ ಹೇಗೆ ಸಿಕ್ತು? ಮೊದಲು ಮನೆಗೆ ಬನ್ನಿ."

ಆ ಗಾಬರಿಯಲ್ಲಿ ಗೋಂದಣ್ಣ ಅಡುಗೆ ಪುಸ್ತಕಕ್ಕೆ ಕಾನೂನು ಪುಸ್ತಕದ ರಟ್ಟು ಅಂಟಿಸಿಬಿಟ್ಟ. ಇನ್ನು ತಾಳಲಾರದೆ, ಸಂಜೆ ನೇರವಾಗಿ ಮೇಡಂ ಮುಂದೆ ಹೋಗಿ ನಿಂತ.

"ಮೇಡಂ, ನನ್ನಲ್ಲಿ ಡೆಪ್ತ್ ಗಿಪ್ತ್ ಏನೂ ಇಲ್ಲ. ಹೊಸ ಕಾದಂಬರಿಗಳನ್ನ ಯಾರಿಗೂ ಹೇಳದೆ ಮನೆಗೆ ಒಯ್ಯೋದು ಕೌಂಟರಿನ ಅಕ್ಕ. ಹಳೇ ಪತ್ರಿಕೆಗಳ ಹಿಂದೆ ಗೊರಕೆ ಹೊಡೆಯೋದು ಕಾವಲಿನವನು. ಅಡುಗೆ ಪುಸ್ತಕಕ್ಕೆ ಕಾನೂನಿನ ರಟ್ಟು ಹಾಕಿದ್ದು ನಾನು. ಇಷ್ಟೇ ನನಗೆ ಗೊತ್ತಿರೋದು. ಒಳಗೆ ಇನ್ನೇನೂ ಉಳಿದಿಲ್ಲ."

ಮೇಡಂ ಪೆನ್ನಿಗೆ ಕ್ಯಾಪು ಹಾಕಿದರು.

"ಅವರಿಬ್ಬರ ವಿಷಯ ನಂಗೆ ಮೊದಲೇ ಗೊತ್ತು. ಅವಳ ಮೇಲೆ ಅವನು ಹೇಳಿದ್ದ, ಅವನ ಮೇಲೆ ಅವಳು ಹೇಳಿದ್ದಳು. ಯಾರ ಮೇಲೂ ಚಾಡಿ ಹೇಳದವರು ನೀವೊಬ್ಬರೇ. ಗುಟ್ಟು ಬಿಡದ, ತೂಕದ ಮನುಷ್ಯ ಅನ್ಕೊಂಡು ಮೇಲ್ವಿಚಾರಕರ ಹುದ್ದೆಗೆ ನಿಮ್ಮ ಹೆಸರು ಕಳಿಸೋಣ ಅಂತಿದ್ದೆ."

"ಈಗ, ಮೇಡಂ?"

"ಈಗ ಹೊರಡಿ. ಹೋಗ್ತಾ ಬಾಗಿಲು ಮುಂದೆ ಮಾಡ್ಕೊಳ್ಳಿ."

ಹೊರಗೆ ಅಕ್ಕ ಮತ್ತು ಕಾವಲಿನವನು ಕಾಯುತ್ತಿದ್ದರು.

"ಏನಂತೆ ಆ ಡೆಪ್ತ್ ಅಂದ್ರೆ?" ಅಕ್ಕ ಕೇಳಿದಳು.

"ಒಳ್ಳೇದೇ ಅಂತೆ," ಎಂದ ಗೋಂದಣ್ಣ. "ಬೆಳಿಗ್ಗೆ ಇತ್ತಂತೆ."