ಬದಲಿಯೋ, ರಿಪೇರಿಯೋ: ಕೆಂಪು ಕಾರಿನ ದಿನಗಳು

ಎಲ್ಲ ಸುಸೂತ್ರವಾಗಿ ನಡೆದ ದಿನಗಳು ನನಗೆ ನೆನಪಿರುವುದೇ ಇಲ್ಲ. ಏನಾದರೊಂದು ಕೆಟ್ಟು ನಡುರಸ್ತೆಯಲ್ಲಿ ನಿಂತ ದಿನಗಳು ಮಾತ್ರ ನಿನ್ನೆ ಮೊನ್ನೆ ನಡೆದಂತಿವೆ. ಅಂಥ ದಿನಗಳನ್ನು ನನಗೆ ಧಾರಾಳವಾಗಿ ಕೊಟ್ಟದ್ದು ಒಂದು ಕೆಂಪು ಸ್ಪೋರ್ಟ್ಸ್ ಕಾರು. ಕಾರು ನನ್ನದಲ್ಲ, ತಳ್ಳಿದ್ದು ಮಾತ್ರ ನಾನು.

೧. ಎ.ಸಿ. ಬೇಕೋ, ಹಾರ್ನ್ ಬೇಕೋ?

ಅದು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಉಕ್ಕಿ ಹರಿಯುತ್ತಿದ್ದ ಕಾಲ. ಅಮೀರ್‌ಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗಿಂತ ಕಂಪ್ಯೂಟರ್ ಕೋರ್ಸಿನ ಪೋಸ್ಟರುಗಳೇ ಜಾಸ್ತಿ. ಮೈಸೂರಿನಿಂದ ಬಂದ ನಾನು ಅಲ್ಲೇ ಒಂದು ಲೇಡೀಸ್ ಹಾಸ್ಟೆಲಿನಲ್ಲಿದ್ದೆ. ಕೆಲಸ ಮಾಧಾಪುರದಲ್ಲಿ. ನಮ್ಮ ತಂಡದಲ್ಲಿ ಕನ್ನಡದವರು ಅಂದರೆ ನಾನು, ಮತ್ತು ಉಪ್ಪಲ್‌ನಲ್ಲಿ ತಾಯಿಯ ಜೊತೆಗಿದ್ದ ರಾಯಚೂರಿನ ಒಬ್ಬ ಹುಡುಗ. ಅವನು ನನ್ನನ್ನು ‘ಮೈಸೂರು’ ಅನ್ನುತ್ತಿದ್ದ, ನಾನು ಅವನನ್ನು ‘ರಾಯಚೂರು’ ಅನ್ನುತ್ತಿದ್ದೆ.

ಕೈಯಲ್ಲಿ ಸಂಬಳ ಆಡತೊಡಗಿದಾಗ ಆಫೀಸಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹುಚ್ಚು ಹಿಡಿಯಿತು. ಒಬ್ಬ ಕ್ಯಾಮೆರಾ ಕೊಂಡ, ಇನ್ನೊಬ್ಬ ಗಿಟಾರ್ ಕೊಂಡ. ರಾಯಚೂರು ಮಾತ್ರ, ಅಮೆರಿಕಕ್ಕೆ ಹೊರಟಿದ್ದ ಯಾರೋ ಬಿಟ್ಟುಕೊಟ್ಟ ಹಳೆಯ ವಿಲಾಯತಿ ಕಾರನ್ನು ಕೊಂಡ. ಎರಡೇ ಬಾಗಿಲು, ಎರಡೇ ಸೀಟು. ಒಳಗೆ ಕೂತರೆ ಎಮ್ಮೆಯ ಹೊಟ್ಟೆಯೂ ನಮಗಿಂತ ಎತ್ತರದಲ್ಲಿ ಕಾಣುತ್ತಿತ್ತು.

ಎಂಜಿನ್ ಓಡುವಾಗ ಕರೆಂಟು ತಯಾರಿಸಿ ಬ್ಯಾಟರಿಗೆ ಉಣಿಸುವ ಯಂತ್ರಕ್ಕೆ ಆಲ್ಟರ್ನೇಟರ್ ಅನ್ನುತ್ತಾರೆ ಅಂತ ನನಗೆ ಗೊತ್ತಾದದ್ದೇ ಆ ಕಾರಿನಿಂದ. ಅದರ ಆಲ್ಟರ್ನೇಟರಿಗೆ ವಯಸ್ಸಾಗಿತ್ತು. ಮೊದಲ ಸಲ ನನಗೆ ಲಿಫ್ಟ್ ಕೊಟ್ಟಾಗ ಅವನು ಸಂಕೋಚದಿಂದ ಕೇಳಿದ:

“ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮಗ ಎ.ಸಿ. ಬೇಕೋ, ಹಾರ್ನ್ ಬೇಕೋ?”

“ಎರಡೂ ಬೇಕು.”

“ಎರಡೂ ಆಗಂಗಿಲ್ರಿ. ಕರೆಂಟ್ ಸಾಲಂಗಿಲ್ಲ.”

ಉರಿ ಬೇಸಿಗೆ. ಎ.ಸಿ. ಅಂದೆ. ಪಂಜಗುಟ್ಟದ ಹತ್ತಿರ ಸಿಟಿ ಬಸ್ಸೊಂದು ಅಡ್ಡ ಬಂತು. “ಕಿಟಕಿ ಇಳಸ್ರಿ, ತಲಿ ಹೊರಗ ಹಾಕಿ ಚೀರ್ರಿ!” ಅಂದ. “ಏನಂತ?” ಅಂದೆ. “ಹಟೋ ಭಾಯ್ ಅಂತ!”

ಮಾಧಾಪುರ ಮುಟ್ಟುವವರೆಗೂ ಚೀರಿದೆ. ಕಿಟಕಿ ತೆಗೆದಿದ್ದರಿಂದ ಎ.ಸಿ. ಗಾಳಿ ಬೀದಿ ಪಾಲಾಯಿತು. ಮಾರನೆಯ ದಿನದಿಂದ ಅವನು ಎ.ಸಿ.ಯೋ, ಹಾರ್ನೋ ಅಂತ ಕೇಳುವುದನ್ನೇ ಬಿಟ್ಟ. ಹಾರ್ನ್ ಹೇಗೂ ಪಕ್ಕದ ಸೀಟಿನಲ್ಲೇ ಕೂತಿತ್ತಲ್ಲ.

೨. ಇಳಿಜಾರು

ಆಲ್ಟರ್ನೇಟರ್ ಸರಿಯಾಗಿ ಉಣಿಸದೆ ಬ್ಯಾಟರಿ ಸದಾ ಅರೆಹೊಟ್ಟೆಯಲ್ಲಿರುತ್ತಿತ್ತು. ಕೀಲಿ ತಿರುವಿದರೆ ಕಾರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ತಳ್ಳಿದರೆ ಮಾತ್ರ ಹೊರಡುತ್ತಿತ್ತು. ಇಲ್ಲವಾದರೆ ದಿಣ್ಣೆಯ ಮೇಲೆ ನಿಲ್ಲಿಸಿ, ಬ್ರೇಕ್ ಬಿಟ್ಟು, ಇಳಿಜಾರಿನಲ್ಲಿ ಉರುಳುತ್ತಾ ಕ್ಲಚ್ ಬಿಡಬೇಕು.

ಹಾಗಾಗಿ ನಮ್ಮ ಜೀವನವೇ ಇಳಿಜಾರಿನ ಮೇಲೆ ನಿಂತಿತು. ಊರಿಗೆಲ್ಲ ಹೆಸರಾದ ಬಿರಿಯಾನಿ ಹೋಟೆಲಿಗೆ ನಾವು ಒಮ್ಮೆಯೂ ಹೋಗಲಿಲ್ಲ, ಅದರ ಮುಂದಿನ ರಸ್ತೆ ಮಟ್ಟಸವಾಗಿತ್ತು. ಜೂಬಿಲಿ ಹಿಲ್ಸ್ ಕಡೆ ಒಳ್ಳೆಯ ದಿಣ್ಣೆಯ ಮೇಲೆ ಒಂದು ಕೆಟ್ಟ ಹೋಟೆಲಿತ್ತು. ಅಲ್ಲಿನ ಉಪ್ಪಿಲ್ಲದ ಪುಲಾವು ತಿಂದು ತಿಂದು ನನ್ನ ನಾಲಿಗೆಯೇ ಸತ್ತಿತ್ತು. ಆದರೂ ಹೋಗುತ್ತಿದ್ದೆ. ಪುಲಾವಿಗಾಗಿ ಹೋಗುತ್ತಿಲ್ಲ ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಒಂದು ಸಂಜೆ ಅದೇ ಹೋಟೆಲಿನಿಂದ ಬಂದು ಕಾರಿನಲ್ಲಿ ಕೂತೆವು. ಅವನು ಸ್ಟೀರಿಂಗ್ ನೋಡುತ್ತಾ, “ನಾ ನಿನ್ನ ಮದಿವಿ ಆಗ್ಬೇಕಂತ ಮಾಡೀನಿ. ನೀ ಏನಂತಿ?” ಅಂದ. ಅಂದವನೇ ಹೆದರಿಕೆಗೆ ಹ್ಯಾಂಡ್‌ಬ್ರೇಕ್ ಬಿಟ್ಟುಬಿಟ್ಟ. ಕಾರು ಉರುಳತೊಡಗಿತು.

“ಯೋಚನೆ ಮಾಡಕ್ಕೆ ಸ್ವಲ್ಪ ಟೈಮ್ ಕೊಡು ಮಾರಾಯ!”

“ಆ ಕೆಳಗಿನ ತಿರುವು ಬರೋತನಕ ಮಾಡು. ಆಮ್ಯಾಲ ನಾ ಕ್ಲಚ್ ಬಿಡಬೇಕು, ಮಾತಾಡಾಕ ಆಗಂಗಿಲ್ಲ.”

ತಿರುವು ಬಂತು. ನಾನು ಹೂಂ ಅಂದೆ. ಅವನು ಕ್ಲಚ್ ಬಿಟ್ಟ. “ಚಾಲೂ ಆತು! ಚಾಲೂ ಆತು!” ಅಂತ ಕೂತಲ್ಲೇ ಕುಣಿದಾಡಿಬಿಟ್ಟ. ಆ ಸಂತೋಷ ನನ್ನ ಉತ್ತರಕ್ಕೋ, ಎಂಜಿನ್ನಿಗೋ ಅನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ.

೩. ಮೀಟಿಂಗು

ಮೈಸೂರಿಗೆ ಫೋನ್ ಮಾಡಿದೆ. ಅಪ್ಪನ ಸ್ವಭಾವ ಇಲ್ಲಿ ಹೇಳಲೇಬೇಕು. ನಮ್ಮ ಮನೆಯಲ್ಲಿ ಮಿಕ್ಸಿ ಒಮ್ಮೆ ಕೆಮ್ಮಿದರೆ ಸಾಕು, ಸಂಜೆಯೊಳಗೆ ಹೊಸ ಮಿಕ್ಸಿ. ಗಡಿಯಾರ ನಿಂತರೆ ಸೆಲ್ ಹಾಕುವವರಲ್ಲ, ಗಡಿಯಾರವನ್ನೇ ಬದಲಿಸುವವರು. “ರಿಪೇರಿ ಅಂದ್ರೆ ತಲೆನೋವನ್ನ ನಾಳೆಗೆ ಎತ್ತಿಡೋದು” ಅನ್ನುತ್ತಿದ್ದರು. ಹುಡುಗನಿಗೆ ಕಾರಿದೆ ಅಂದ ಕೂಡಲೇ ಕೇಳಿದರು: “ಗಾಡಿ ಕಂಡೀಷನ್ ಹೇಗಿದೆ? ಕೆಟ್ಟು ನಿಲ್ಲೋ ಗಾಡಿ ಇಟ್ಕೊಂಡವನು ಸಂಸಾರನೂ ನಡುದಾರೀಲೇ ನಿಲ್ಲಿಸ್ತಾನೆ. ಮುಂದಿನ ವಾರ ಬರ್ತೀನಿ, ಸ್ಟೇಷನ್ನಿಗೆ ಅದನ್ನೇ ತರಕ್ಕೆ ಹೇಳು.”

ಇನ್ನು ಇಳಿಜಾರು ನಂಬಿ ಕೂರುವ ಹಾಗಿರಲಿಲ್ಲ. ಆಲ್ಟರ್ನೇಟರನ್ನು ರಿಪೇರಿ ಮಾಡಿಸುವುದೋ, ಹೊಸದು ಹಾಕಿಸುವುದೋ? ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆಫೀಸಿನಲ್ಲಿ ಚರ್ಚೆ ಎದ್ದಿತು. ಹೊಸ ಪ್ರೋಗ್ರಾಂ ಬರೆಯುವವರೆಲ್ಲ ಒಂದೇ ದನಿಯಲ್ಲಿ, “ಹಳೇದನ್ನ ಕಿತ್ತೆಸಿ, ಪೂರ್ತಿ ಹೊಸದು ಹಾಕು” ಅಂದರು. ಹಳೆಯ ಪ್ರೋಗ್ರಾಂಗಳ ತಪ್ಪು ತಿದ್ದಿಯೇ ಹೊಟ್ಟೆ ಹೊರೆಯುವವರು, “ಎಲ್ಲಿ ಕೆಟ್ಟಿದೆಯೋ ಅಲ್ಲೊಂದು ತೇಪೆ ಹಾಕಿದರೆ ಸಾಕು” ಅಂದರು. ಟೆಸ್ಟಿಂಗ್ ಮಾಡುತ್ತಿದ್ದ ನಾವು, ಅದು ನಿಜಕ್ಕೂ ಕೆಟ್ಟಿದೆಯೇ ಅಂತ ಮೊದಲು ನೋಡೋಣ ಎಂದು ಎಲ್ಲರೂ ಕೆಳಗೆ ಹೋಗಿ ಲೈಟು, ವೈಪರು, ರೇಡಿಯೋ ಒಟ್ಟಿಗೆ ಹಾಕಿ ನೋಡಿದೆವು. ಅಳಿದುಳಿದಿದ್ದ ಬ್ಯಾಟರಿಯೂ ಪೂರ್ತಿ ಮಲಗಿತು.

ಮ್ಯಾನೇಜರು ಬಂದು ಎಲ್ಲರ ಮಾತನ್ನೂ ಗಂಭೀರವಾಗಿ ಕೇಳಿದರು. ಕೊನೆಗೆ, “ಎರಡೂ ಕಡೆ ಒಳ್ಳೆಯ ಅಂಶಗಳಿವೆ. ನಾಳೆ ಮತ್ತೆ ಸೇರೋಣ. ಈಗ ಎಲ್ಲರೂ ತಳ್ಳಿ” ಅಂದರು. ಆ ಕಂಪನಿಯಲ್ಲಿ ನಾವೆಲ್ಲ ಒಂದೇ ದಿಕ್ಕಿನಲ್ಲಿ ಬಲ ಹಾಕಿದ್ದು ಅದೊಂದೇ ಸಲ.

೪. ಗಿರಣಿಯ ಕಾನೂನು

ದೊಡ್ಡ ಷೋರೂಮಿನವರು ಹೊಸದೇ ಆಗಬೇಕು, ಹೊರದೇಶದಿಂದ ತರಿಸಬೇಕು, ತಿಂಗಳುಗಟ್ಟಲೆ ಕಾಯಬೇಕು ಅಂದರು. ಅಪ್ಪ ಬರುವುದು ಮುಂದಿನ ವಾರ. ರಾಯಚೂರು ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ. ಆಗ ಅವನ ತಾಯಿ ರೊಟ್ಟಿ ಬಡಿಯುತ್ತಲೇ ಹೇಳಿದರು:

“ನಿಮ್ಮಪ್ಪಗ ಹಲ್ಲು ಬಿದ್ದಾಗ ಏನ್ ಮಾಡಿದ್ವಿ? ಹಲ್ಲು ಕಟ್ಟಿಸಿದ್ವಿ. ಅಪ್ಪನ್ನ ಬದಲಿ ಮಾಡಿದ್ವೇನು?”

ಅಲ್ಲಿಗೆ ರಿಪೇರಿ ಅಂತಲೇ ತೀರ್ಮಾನವಾಯಿತು. ನಾಚಾರಂನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ರಾಯಚೂರು ಕಾರಿನಲ್ಲಿ, ನಾನೂ ಅವನ ತಾಯಿಯೂ ಆಟೋದಲ್ಲಿ ಅಲ್ಲಿಗೆ ಹೋದೆವು. ಮೆಕ್ಯಾನಿಕ್ ಆಲ್ಟರ್ನೇಟರ್ ಬಿಚ್ಚಿ, “ಬ್ರಷ್ ಸವೆದಿದೆ, ಬೇರಿಂಗ್ ಹೋಗಿದೆ, ಸಂಜೆ ಬನ್ನಿ” ಅಂದ. ನಾವು ಹೊರಟೆವು. ತಾಯಿ ಏಳಲಿಲ್ಲ. ಅಲ್ಲಿದ್ದ ಹಳೇ ಟೈರಿನ ಮೇಲೆ ಕೂತೇಬಿಟ್ಟಿದ್ದರು.

“ಅವ್ವಾ, ಸಂಜಿಕ ಬಂದು ಒಯ್ಯೋಣ, ನಡಿ.”

“ಗಿರಣ್ಯಾಗ ಜ್ವಾಳಾ ಹಾಕಿ ಯಾರಾರ ಮನಿಗಿ ಹೋಗ್ತಾರೇನು? ನಮ್ಮದು ಅವ್ರಿಗೆ ಹೋಗಿ, ಅವ್ರದು ನಮಗ ಬಂದ್ರ? ನಾ ಎದುರಿಗೇ ಕುಂತು ನೋಡ್ತೀನಿ.”

ರಾಯಚೂರಿನ ಕಡೆ ಹೆಂಗಸರು ಹಿಟ್ಟಿನ ಗಿರಣಿಯಲ್ಲಿ ಹಾಗೆಯೇ. ತಮ್ಮ ಜೋಳ ಕಲ್ಲಿನ ಬಾಯಿಗೆ ಬಿದ್ದು, ಹಿಟ್ಟಾಗಿ ತಮ್ಮ ಡಬ್ಬಿಗೇ ಬೀಳುವವರೆಗೆ ಕಣ್ಣು ಕದಲಿಸುವುದಿಲ್ಲ. ಮೆಕ್ಯಾನಿಕ್ ನಟ್ಟು ತಿರುವಿದರೆ “ಅದೇನು?” ಬೀಡಿ ಹಚ್ಚಲು ಎದ್ದರೆ “ಎಲ್ಲಿಗ್ಹೊಂಟಿ?” ಮಧ್ಯಾಹ್ನ ಅವನಿಗೂ ರೊಟ್ಟಿ, ಶೇಂಗಾ ಚಟ್ನಿ ಬಡಿಸಿ, ತಿಂದ ಕೂಡಲೇ ಮತ್ತೆ ಕೆಲಸಕ್ಕೆ ಹಚ್ಚಿದರು. ನನಗೂ ಒಂದು ರೊಟ್ಟಿ ಜಾಸ್ತಿಯೇ ಹಾಕಿ, “ತಿನ್ನವ್ವಾ, ಹಾಸ್ಟೆಲ್ನ್ಯಾಗ ಏನ್ ಹಾಕ್ತಾರೋ ಏನೋ” ಅಂತ ತಲೆ ಸವರಿದರು. ನನಗೆ ಕಣ್ಣು ತುಂಬಿ ಬಂತು. ಈ ಮನೆಯನ್ನೇ ಸೇರಬೇಕು ಅಂತ ನಿಶ್ಚಯಿಸಿದ್ದು ಆ ಗ್ಯಾರೇಜಿನಲ್ಲಿ. ಮಗನಿಗೆ ಹೂಂ ಅಂದದ್ದು ಅವಸರದಲ್ಲಿ, ಉರುಳುವ ಕಾರಿನಲ್ಲಿ. ತಾಯಿಗೆ ಅಂದದ್ದು ನಿಧಾನವಾಗಿ ಯೋಚಿಸಿ.

ಸಂಜೆ ಕೀಲಿ ತಿರುವಿದ ತಕ್ಷಣ ಕಾರು ಗುಡುಗಿತು. ಎ.ಸಿ., ಹಾರ್ನ್, ಲೈಟು, ಎಲ್ಲ ಒಟ್ಟಿಗೆ! ಹೊರಡುವಾಗ ಮೆಕ್ಯಾನಿಕ್ ನಮ್ಮನ್ನು ಪಕ್ಕಕ್ಕೆ ಕರೆದು ಕೈಮುಗಿದ: “ಭಾಯ್, ಗಾಡಿ ಕಭೀ ಭೀ ಲಾವೋ. ಅಮ್ಮಾ ಕೋ ನಕ್ಕೋ!” ಗಾಡಿ ಯಾವಾಗ ಬೇಕಾದರೂ ಬರಲಿ, ಅಮ್ಮ ಮಾತ್ರ ಬೇಡವಂತೆ.

೫. ಅಪ್ಪ ಬಂದರು

ಕಾಚಿಗೂಡ ಸ್ಟೇಷನ್ನಿಗೆ ರಾಯಚೂರು ಒಬ್ಬನೇ ಹೋದ, ಕಾರಿನಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ. ನಾನು ಉಪ್ಪಲ್‌ನ ಮನೆಯಲ್ಲಿ ಅವನ ತಾಯಿಯ ಜೊತೆ ಹೋಳಿಗೆಗೆ ಹೂರಣ ರುಬ್ಬುತ್ತಾ ಕಾದೆ. ಬಂದದ್ದು ಕಾರು. ಇಳಿದದ್ದು ಅಪ್ಪ. ಇಸ್ತ್ರಿ ಮಾಡಿದ ಬಿಳಿ ಷರಟು ಬೆವರಿಗೆ ಮೈಗಂಟಿತ್ತು, ಅಂಗೈ ಕಪ್ಪಾಗಿತ್ತು.

“ಅಪ್ಪಾ, ಏನಾಯ್ತು?”

“ಏನಾಗತ್ತೆ? ಟೀ ಕುಡಿಯಕ್ಕೆ ಅಂತ ಇರಾನಿ ಹೋಟೆಲ್ ಹತ್ರ ನಿಲ್ಲಿಸಿದ್ವಿ. ವಾಪಸ್ ಬಂದ್ರೆ, ತಳ್ಳಿ ಅಂದ. ತಳ್ಳಿದೆ. ನಿನ್ನ ಬ್ಯಾಗ್ ತಗೋ, ಸಂಜೆ ಗಾಡಿಗೆ ಊರಿಗೆ ಹೋಗೋಣ.”

ನಾನು ರಾಯಚೂರನ್ನು ಮೂಲೆಗೆ ಎಳೆದೆ. “ರಿಪೇರಿ ಆಗಿತ್ತಲ್ಲ! ಕೀ ತಿರುಗಿಸಿದ್ರೂ ಸ್ಟಾರ್ಟ್ ಆಗಲಿಲ್ವಾ?”

ಅವನ ಮುಖ ಬಿಳಿಚಿಕೊಂಡಿತು. “ಕೀಲಿ… ಪೂರ್ತಿ ತಿರುವಲೇ ಇಲ್ಲ.”

“ಏನು?”

“ರಸ್ತಾ ನೋಡಿದೆ, ಮಟ್ಟಸ ಇತ್ತು. ಎದಿ ಝಲ್ ಅಂತು. ರೂಢಿ ನೋಡು, ತಳ್ರಿ ಅಂತ ಬಾಯಾಗ ಬಂದುಬಿಡ್ತು!”

ಅಪ್ಪನ ಕಿವಿ ಚುರುಕು. ದುರುಗುಟ್ಟಿ ನೋಡುತ್ತಾ ಹೊರಗೆ ನಡೆದು, ತಾವೇ ಆ ತಗ್ಗು ಸೀಟಿನಲ್ಲಿ ಬಾಗಿ ಕೂತು, ಕೀಲಿ ತಿರುವಿದರು. ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಆರಿಸಿದರು, ಮತ್ತೆ ತಿರುವಿದರು. ಮತ್ತೆ ಸ್ಟಾರ್ಟ್ ಆಯಿತು. ಕಾರು ಅಷ್ಟು ಸಲೀಸಾಗಿ ಸ್ಟಾರ್ಟ್ ಆದದ್ದಕ್ಕೆ ನಾನು ಸಂಕಟಪಟ್ಟದ್ದು ಅವತ್ತೊಂದೇ ದಿನ.

ಅಪ್ಪ ಇಳಿದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಗಾಡಿ ಫಸ್ಟ್ ಕ್ಲಾಸಾಗಿದೆ ಕಣಮ್ಮ. ಬದಲಾಯಿಸಬೇಕಾಗಿರೋದು ಹುಡುಗನ್ನ!”

ಅವನ ತಾಯಿ ಹೋಳಿಗೆ ತಟ್ಟೆ ಹಿಡಿದು ಬಾಗಿಲಿಗೆ ಬಂದರು.

“ಬದಲಿ ಯಾಕ್ರಿ ಬೀಗ್ರ? ರಿಪೇರಿ ಆಗ್ತಾನ. ನಿಮ್ಮ ಮಗಳ ಕೈಯಾಗ ಕೊಡ್ರಿ. ಕೆಲಸ ಮುಗಿಯೋತನಕ ನಾ ಎದುರಿಗೇ ಕುಂತು ನೋಡ್ತೀನಿ.”

ಅಪ್ಪ ಮೊದಲು ತುಟಿ ಕಚ್ಚಿ ತಡೆದರು. ಆಮೇಲೆ ತಡೆಯಲಾಗಲಿಲ್ಲ, ಗೋಡೆ ಹಿಡಿದು ನಕ್ಕರು. ಕಪ್ಪು ಕೈ ತೊಳೆದುಕೊಂಡು ಬಂದು ಹೋಳಿಗೆಗೆ ಕೂತರು.

ಕೆಂಪು ಕಾರು ಎಂದೋ ಬೇರೆಯವರ ಮನೆ ಸೇರಿತು. ಈಗಿನ ನಮ್ಮ ಕಾರಿಗೆ ಗುಂಡಿ ಒತ್ತಿದರೆ ಸಾಕು. ಆದರೂ ನಮ್ಮೆಜಮಾನರು ಪಾರ್ಕಿಂಗಿಗೆ ಇಳಿಜಾರೇ ಹುಡುಕುತ್ತಾರೆ. ರಿಪೇರಿ ಇನ್ನೂ ನಡೆಯುತ್ತಲೇ ಇದೆ. ಅತ್ತೆಯವರು ಎದುರಿಗೇ ಕೂತಿದ್ದಾರೆ, ಪಕ್ಕದಲ್ಲಿ ಶೇಂಗಾ ಚಟ್ನಿ ಡಬ್ಬಿ.