ಚಾ ಕುಡದ್ರ ಮುನಿಸ್ಕೊಳ್ಳೋ ವಿಲಾಯತಿ ಗಾಡಿ

ಡ್ರೈವರ್ ಆದಂವಗ ಗಾಡಿ ಕೆಡೋದು ಹೊಸಾದಲ್ಲ. ಆದ್ರ ಎಲ್ಲಾರ ಗಾಡಿ ರಸ್ತಾದಾಗ ಕೆಟ್ರ, ನನ್ನ ಗಾಡಿ ಮಾತ್ರ ಮಂದಿ ಮನಿ ಬಾಗಲಾಗ, ಊರ ಮಂದಿ ನಿಂತು ನೋಡೋ ಹೊತ್ತಿನ್ಯಾಗ ಕೆಡ್ತಿತ್ತು. ಹಿಂಗಾಗಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ನನ್ನ ಕಂಡ್ರ ಇವತ್ತಿಗೂ ನಗ್ತಾರ. ನಗಲಿ ಬಿಡ್ರಿ, ನಂದೇನ ಗಂಟ ಹೋಗ್ತೈತಿ.

ಎಂಬತ್ತರ ದಶಕದ ಮಾತದು. ಹಾನಗಲ್ಲಿನ್ಯಾಗ ಅಕ್ಕಿ ಗಿರಣಿ ಇದ್ದ ಸಾವಕಾರ್ರೊಬ್ರ ಹತ್ರ ನಾ ಟ್ರ್ಯಾಕ್ಟರ್ ಹೊಡೀತಿದ್ನಿ. ಸಾವಕಾರ್ರು ಒಂದ್ಸಲ ಮುಂಬಯಿಗೆ ಹೋದವರು, ಯಾವುದೋ ಪರದೇಶದ ಆಫೀಸಿನವರು ಬಿಟ್ಟು ಹೋದ ಉದ್ದನ್ನ ವಿಲಾಯತಿ ಗಾಡಿ ತಗೊಂಡು ಬಂದ್ರು. ನಮ್ಮ ಕಡೆ ಆಗ ಅಂಬಾಸಡರ್ ಇದ್ದಂವನ ದೊಡ್ಡ ಮನುಷ್ಯಾ. ಈ ಗಾಡಿಯೊಳಗ ಗುಂಡಿ ಒತ್ತಿದ್ರ ಕಿಡಕಿ ಕಾಜು ತಾನ ಏರ್ತಿತ್ತು, ಸೀಟಿನ ಮ್ಯಾಲ ಕುಂತ್ರ ಅರ್ಧಾ ಒಳಗ ಹೋಗ್ತಿದ್ನಿ. ನನಗ ಬಿಳೇ ಅಂಗಿ-ಪ್ಯಾಂಟು ಹೊಲಿಸಿದ್ರು. ಧೂಳು ತಿಂದು ಟ್ರ್ಯಾಕ್ಟರ್ ಮ್ಯಾಲ ನಡಾ ಮುರಕೊಂಡಿದ್ದಂವಗ ಇದು ಸ್ವರ್ಗನ. ಆ ಗಾಡಿ ಅಂದ್ರ ನನಗ ಜೀಂವಾ.

ಸವಣೂರಿನ ಮೊದಲ್ನೇ ಚಾ

ಸವಣೂರಾಗ ಸಾವಕಾರ್ರ ಸೋದರಮಾವ ಇದ್ರು, ವೀಳ್ಯದೆಲಿ ತ್ವಾಟದವರು. ಹೊಸಾ ಗಾಡಿ ತೋರ್ಸಾಕಂತನ ಅಲ್ಲಿಗೆ ಹೋದ್ವಿ. ಗಾಡಿ ನೋಡಿದ್ರು, ಸುತ್ತ ತಿರಗಿದ್ರು, ಮುಟ್ಟಿದ್ರು. ಚಾ ಆತು. ಎಲಿ-ಅಡಿಕಿ ಆತು. "ಬರ್ತೇವ್ರಿ ಮಾವಾರ" ಅಂತ ಸಾವಕಾರ್ರು ಡೌಲಿನ್ಯಾಗ ಒಳಗ ಕುಂತ್ರು. ನಾ ಕಿಲ್ಲಿ ತಿರುವಿದ್ನಿ. ಗಾಡಿ ಕ್ಯಾಂಯ್ ಕ್ಯಾಂಯ್ ಅಂತು, ಚಾಲೂ ಆಗಲಿಲ್ಲ. ಮತ್ತ ತಿರುವಿದ್ನಿ. ಹಿಂದ ಒಂದಿಷ್ಟು ಕರೀ ಹೊಗಿ ಬಂತು, ಅಷ್ಟ.

ಓಣಿ ಮಂದಿ ಎಲ್ಲಾ ಬಂದು ನೂಕಿದ್ರು. ಅದು ಎಮ್ಮಿ ನೀರಾಗ ಕುಂತಂಗ ಕುಂತಿತ್ತು. ಮಾವಾರು ಖುಷಿಲೆ, "ಇಷ್ಟ ಹೊತ್ತು ಆಗೇತಿ, ಉಂಡ ಹೋಗ್ರಿ" ಅಂದು ಒಳಗ ಕರಕೊಂಡು ಹೋದ್ರು. ರೊಟ್ಟಿ, ಎಣ್ಣಿಗಾಯಿ, ಮೊಸರು ಎಲ್ಲಾ ಆತು. ಸಾವಕಾರ್ರು ಮಾತ್ರ ತುತ್ತಿಗೊಮ್ಮೆ ಹೊರಗಿನ ಗಾಡಿ ಕಡೆ ನೋಡ್ತಿದ್ರು. ಉಂಡು ಕೈ ತೊಳಕೊಂಡು ಬಂದು ಕಿಲ್ಲಿ ತಿರುವಿದ್ನಿ, ಒಂದ ಸಲಕ್ಕ ಚಾಲೂ ಆತು.

ಮಾವಾರು ನನ್ನ ಕಡೆ ನೋಡಿ ಅಂದ್ರು: "ಡ್ರೈವರಗೂ ಗಾಡಿಗೂ ಹಸಿವಾಗಿತ್ತು ಅಂತ ಮೊದಲ ಹೇಳಬಾರದೇನೋ ತಮ್ಮಾ?"

ಕೈ ಹಚ್ಚಿದ್ರ ಸಾಕು

ಮುಂದ ಇದ ಚಾಳಿ ಆತು. ಮುಂಜಾನೆ ಗಾಡಿ ಗುಂಡಿನಂಗ ಚಾಲೂ ಆಗ್ತಿತ್ತು. ದಾರಿಯೊಳಗ ಕುದರಿ ಹಂಗ ಓಡ್ತಿತ್ತು. ಎಲ್ಲೆರೆ ನಿಲ್ಸಿ ಒಂದು ಕಪ್ಪು ಚಾ ಕುಡದ್ವಿ ಅಂದ್ರ ಮುಗೀತು, ಏಳೂದಿಲ್ಲ. ಉಂಡು, ಒಂದಿಷ್ಟು ಅಡ್ಡಾಗಿ ಎದ್ದು ಬಂದ್ರ ಏನೂ ಆಗೇ ಇಲ್ಲೇನೋ ಅನ್ನೂವಂಗ ಎದ್ದು ಹೊಂಡ್ತಿತ್ತು.

ಶಿಗ್ಗಾಂವಿ ಹಾಯ್ವೇ ಮ್ಯಾಲ ಲಾರಿ ರಿಪೇರಿ ಮಾಡೋ ಮಿಸ್ತ್ರಿ ಒಬ್ಬ ಇದ್ದಾ. ಭಾರೀ ಹೆಸರಿನಂವಾ. ಅವನ ಗ್ಯಾರೇಜಿನ ಹತ್ರನ ಚಾದಂಗಡಿ, ಅಲ್ಲೇ ಚಾ ಕುಡದ್ವಿ, ಗಾಡಿ ಏಳಲಿಲ್ಲ. ಅಂವಾ ಲಾರಿ ಕೆಳಗ ಮಲಗಿದ್ದಾ. "ಬಂದೆ ತಡೀರಿ" ಅಂದು, ಲಾರಿ ಕೆಲಸಾ ಮುಗಿಸಿ, ಕೈ ಒರಸ್ಕೊಂಡು, ಎಲಿ ಹಾಕ್ಕೊಂಡು ಬರೋ ಹೊತ್ತಿಗೆ ಬಾಳ ತಡಾ ಆತು. ಬಂದು ಬಾನೆಟ್ ಎತ್ತಿ, ಒಳಗಿನ ಪೈಪು-ವಾಯರು ನೋಡಿ, ಗಾಬರಿ ಆದದ್ದನ್ನ ತೋರಗೊಡದಂಗ ಯಾವುದೋ ಒಂದು ಪೈಪ್ ಮ್ಯಾಲ ಕೈ ಇಟ್ಟು, "ಈಗ ಹೊಡಿ" ಅಂದಾ.

ಚಾಲೂ ಆತು. ಮಿಸ್ತ್ರಿ ಕಾಲರ್ ಏರ್ಸಿ, "ಸಾವಕಾರ್ರ, ನಾ ಕೈ ಹಚ್ಚಿದ್ರ ಸಾಕು" ಅಂದಾ. ಸಾವಕಾರ್ರು ಅಲ್ಲೇ ಅಂವಗ ಹಾರಾ ಹಾಕೂದೊಂದ ಬಾಕಿ.

ಖುಷಿಯಾಗಿ ಅಂವಗ ಚಾ ಹೇಳಿದ್ರು. ನಾ ಹುಚ್ಚ, ಇಷ್ಟೊತ್ತು ಚಾಲೂ ಇದ್ದ ಗಾಡಿ ಬಂದ್ ಮಾಡಿ ಇಳದ್ನಿ. ಚಾ ಕುಡದು ಬಂದ್ರ ಮತ್ತ ಅದ ಹಾಡು. ಮಿಸ್ತ್ರಿ ಆ ಪೈಪ್ ಮುಟ್ಟಿದಾ, ಈ ಪೈಪ್ ಮುಟ್ಟಿದಾ, ಕಡೀಕ ಎರಡೂ ಕೈಲೆ ಇಂಜಿನ್ನ ತಬ್ಬಿ ಹಿಡದಾ. ಏನೂ ಆಗಲಿಲ್ಲ. ಆಮ್ಯಾಲ ನನ್ನ ಸಿಟ್ಟಿಲೆ ನೋಡಿ, "ನೀ ಗಾಡಿಯೊಳಗ ಕುಂದರಬ್ಯಾಡ, ಕೆಳಗಿಳಿ. ನೀ ಕುಂತ್ರ ನನ್ನ ಕೈಗುಣ ನಡಿಯಂಗಿಲ್ಲ" ಅಂದಾ.

ಸಾವಕಾರ್ರು ಆ ಮಾತು ನಂಬಿಬಿಟ್ರು. ಉಂಡ ಮ್ಯಾಲ ಗಾಡಿ ಎದ್ದಿತು, ಹಾನಗಲ್ಲಿಗೆ ಬರೋ ದಾರಿಯೊಳಗ ಮಾರಿ ಗಂಟು ಹಾಕ್ಕೊಂಡು ಅಂದ್ರು: "ಕೇಳಿಲ್ಲೆ. ಮುಂದಿನ ತಿಂಗಳು ಹಿರೇಕೆರೂರಿಗೆ ಮಗನ ಲಗ್ನದ ಮಾತಿಗೆ ಹೋಗೂದೈತಿ. ಬೀಗರ ಬಾಗಲಾಗ ನನ್ನ ಮಾನಾ ಹೋತಂದ್ರ, ಮರದಿನಾನ ಗಾಡಿ ಮಾರ್ತೇನಿ. ನೀ ಮತ್ತ ಟ್ರ್ಯಾಕ್ಟರ್ ಹತ್ತು."

ಮನಿಗೆ ಹೋಗಿ ಹೆಂಡ್ತಿಗೆ ಹೇಳಿದ್ನಿ. ಆಕಿ ಒಂದ ಮಾತು ಅಂದ್ಲು: "ಹಂಗಾದ್ರ ಬಿಳೇ ಅಂಗಿ ಈ ವಾರ ಒಗೀಬೇಕೋ ಬ್ಯಾಡೋ?"

ಅಳಾಕಾದ್ರೂ ಬಿಡ್ರಿ

ನಾ ಒಂದು ಉಪಾಯ ಹುಡುಕಿದ್ನಿ. ಬಂದ್ ಮಾಡಿದ್ರ ತಾನ ಚಾಲೂ ಆಗದಿರೂದು? ಬಂದ್ ಮಾಡೂದನ ಬ್ಯಾಡ. ಸಾವಕಾರ್ರು ಒಳಗ ಹೋಗಿ ಕೆಲಸಾ ಮುಗಿಸಿ ಬರೂಮಟಾ ಗಾಡಿ ಚಾಲೂ ಇಟ್ಟು ಕುಂದ್ರೂದು.

ಎರಡು-ಮೂರು ಕಡೆ ಚೊಲೋ ನಡೀತು. ಆಮ್ಯಾಲ ದುಂಡಸಿಯೊಳಗ ಸಾವಕಾರ್ರ ದೂರದ ಸಂಬಂಧಿಕರೊಬ್ರು ತೀರಕೊಂಡ್ರು. ಮಾತಾಡಿಸಿ ಬರಾಕ ಹೋದ್ವಿ. ನಾ ಬಾಗಲಾಗ ಗಾಡಿ ಚಾಲೂ ಇಟ್ಟು, ಸ್ಟೇರಿಂಗ್ ಹಿಡಕೊಂಡು ಕುಂತಿದ್ನಿ. ಪೆಟ್ರೋಲಿನ ಘಾಟು ಸೀದಾ ಮನಿಯೊಳಗ ಹೊಂಟಿತ್ತು.

ಸಾವಕಾರ್ರು ಒಳಗ ಹೋದ್ರು, "ಎಂಥಾ ಮನುಷ್ಯಾ ಹೋದಾ" ಅಂತ ಶುರು ಮಾಡಿದ್ರು. ಆದ್ರ ಕಿವಿ ಎಲ್ಲಾ ಹೊರಗ. ಇಂಜಿನ್ ಒಂದೀಟು ಸಪ್ಪಳಾ ಬದಲಿಸ್ತಂದ್ರ ಎದ್ದು ನಿಂದ್ರೂದು, ಸರಿ ಆತಂದ್ರ ಮತ್ತ ಕುಂತು ಕಣ್ಣೊರಸ್ಕೊಳ್ಳೂದು. ಆ ಮನಿ ಮುದುಕಿಗೆ ತಡೀಲಿಕ್ಕೆ ಆಗಲಿಲ್ಲ. ಕೋಲು ಊರಕೋತ ಹೊರಗ ಬಂದು, ಕಾಜು ಬಡದು ನನಗಂದ್ಲು: "ಏನಪಾ, ಹೋದಂವಾ ಅಂತೂ ಹೊಳ್ಳಿ ಬರಂಗಿಲ್ಲ. ಬಂದಂವಗಾದ್ರೂ ಪೂರಾ ಅಳಾಕ ಬಿಡು."

ಬಂದ್ ಮಾಡಿದ್ನಿ. ಮತ್ತೇನು, ಗಾಡಿ ಏಳಲಿಲ್ಲ, ಸಾವಿನ ಮನಿಯೊಳಗ ಉಂಡು ಬಂದ್ವಿ.

ಚಾಕ್ಕ ಅಳ್ಳಾಡದ ಮುಳ್ಳು

ಅಷ್ಟೊತ್ತಿಗೆ ಸವಣೂರಿಗೆ ಒಬ್ಬ ಮಿಸ್ತ್ರಿ ಬಂದಿದ್ರು. ಅರಬರ ದೇಶದಾಗ ಇಂಥಾ ಗಾಡಿ ರಿಪೇರಿ ಮಾಡಿದವರು. ಎಲ್ಲಾರೂ ಚಾಚಾ ಅಂತಿದ್ರು, ನಾನೂ ಹಂಗ ಅಂತೇನಿ. ಚಾಚಾ ಬಾನೆಟ್ ಎತ್ತಲಿಲ್ಲ. ಸ್ಟೂಲ್ ಮ್ಯಾಲ ಕುಂತು, "ಕ್ಯಾ ಹೋತಾ ಹೈ, ಹೇಳಪಾ" ಅಂದ್ರು.

ನನಗ ಹೇಳಾಕ ನಾಚಿಕಿ. ಆದ್ರೂ ಹೇಳಿದ್ನಿ: "ಚಾ ಕುಡದ್ರ ನಿಂದರ್ತೈತ್ರಿ, ಊಟಾ ಮಾಡಿದ್ರ ಹೊಂಡ್ತೈತ್ರಿ."

ಚಾಚಾ ನಗಲಿಲ್ಲ. ಚಾ ಕುಡ್ಯಾಕ ಎಷ್ಟೊತ್ತು, ಉಣ್ಣಾಕ ಎಷ್ಟೊತ್ತು ಅಂತ ಕೇಳಿದ್ರು. ಆಮ್ಯಾಲ ಅಂದ್ರು: "ಹಂಗಾದ್ರ ಇದು ಬಿಸಿ-ತಣ್ಣಗಿನ ಜಗಳಾ. ಚಾ ಕುಡ್ಯೂದ್ರಾಗ ಇಂಜಿನ್ ಆರೂದಿಲ್ಲ, ಉಣ್ಣೂದ್ರಾಗ ಆರ್ತೈತಿ." ಅಂದು ಇಂಜಿನ್ನಿನಿಂದ ಹಿತ್ತಾಳಿದೊಂದು ಬೆರಳಷ್ಟು ಸಾಮಾನು ಬಿಚ್ಚಿದ್ರು. "ಇದಕ್ಕ ಸೆನ್ಸರ್ ಅಂತಾರ. ಇಂಜಿನ್ ಎಷ್ಟು ಕಾದೈತಿ ಅಂತ, ಪೆಟ್ರೋಲ್ ಅಳದು ಬಿಡೋ ಒಳಗಿನ ಪೆಟಗಿಗೆ ಹೇಳೂದು ಇದರ ಕೆಲಸಾ. ಇದು ಸತ್ತಿರಬೇಕು. ಇಂಜಿನ್ ಕುದ್ಯಾಕತ್ತಿದ್ರೂ ಪೆಟಗಿಗೆ ಅದು ಥಂಡ ಐತಿ ಅನಸ್ತೈತಿ, ಪೆಟ್ರೋಲ್ ಸುರೀತೈತಿ. ಹೊಟ್ಟಿ ತುಂಬಿದಂವಗ ಮ್ಯಾಲ ಮ್ಯಾಲ ಬಡಿಸಿದಂಗ. ಉಸರು ಕಟ್ಟೂದಿಲ್ಲೇನು?"

ಖಾತ್ರಿ ಮಾಡ್ಕೊಳ್ಳಾಕ ಬಿಸಿನೀರು ಬೇಕಾಗಿತ್ತು. ಬಾಜೂ ಚಾದಂಗಡಿಯಾಗ ನೀರು ಇರಲಿಲ್ಲ, ಕುದಿಯೂ ಚಾ ಇತ್ತು. ಚಾಚಾ ಒಂದು ಗ್ಲಾಸ್ ತುಂಬಿಸ್ಕೊಂಡು ಸೆನ್ಸರಿನ ತುದಿ ಅದರಾಗ ಅದ್ದಿ, ಮ್ಯಾಲ ಎರಡು ವಾಯರ್ ಹಚ್ಚಿ, ಮುಳ್ಳಿರೋ ಮೀಟರ್ ನೋಡಿದ್ರು. ಚೊಲೋ ಸೆನ್ಸರ್ ಇದ್ರ ಬಿಸಿಗೆ ಮುಳ್ಳು ಸರೀಬೇಕು. ಎಲ್ಲಾರೂ ಬಗ್ಗಿ ನೋಡಾಕತ್ತಿದ್ವಿ. ಮುಳ್ಳು ಅಳ್ಳಾಡಲಿಲ್ಲ. ಚಾಚಾ ತಲಿ ಅಳ್ಳಾಡ್ಸಿ, "ಬೇಕಾರ್" ಅಂದ್ರು.

ಚಾದಂಗಡಿಯಂವನ ಮಾರಿ ಸಣ್ಣದಾತು. "ಇನ್ನೊಂದೀಟು ಕಡಕ್ ಮಾಡಿ ಕೊಡ್ಲೇನ್ರಿ?" ಅಂತ ಕೇಳಿದಾ.

ಆಯಿಯ ಜಗಲಿ

ಹೊಸಾ ಸೆನ್ಸರ್ ಮುಂಬಯಿಯಿಂದ ಬರಬೇಕಾತು. ಹಾಯ್ವೇ ಬಸ್ಸಿನ್ಯಾಗ ಶಿಗ್ಗಾಂವಿಗೆ ಬಂತು, ನಾ ಹೋಗಿ ತಂದ್ನಿ. ಹಿರೇಕೆರೂರಿಗೆ ಹೋಗೂದು ಮರದಿನಾನ. ಚಾಚಾ ಪಾಪ, ಹಾನಗಲ್ಲಿಗೆ ಬಂದು ಅಂಗಳದಾಗ ನಟ್ಟು ಬಿಗಿಯೋ ಪಾನಾ ಹಿಡಕೊಂಡು ಕುಂತಿದ್ರು.

ಅಷ್ಟ್ರಾಗ ಸಾವಕಾರ್ರ ಅವ್ವ, ಅಂದ್ರ ನಾವೆಲ್ಲಾ ಆಯಿ ಅನ್ನೋರು, ಸೆನ್ಸರ್ ಕಸಗೊಂಡು ಒಳಗ ಹೋದ್ರು. ಹೊಸಾದು ಏನ ಬಂದ್ರೂ ಆ ಮನಿಯೊಳಗ ಮೊದಲ ದೇವರ ಜಗಲಿ ಮ್ಯಾಲ ಇಡೂದು. ವಿಭೂತಿ ಹಚ್ಚಿದ್ರು, ಹೂವಾ ಏರಿಸಿದ್ರು, ಊದಿನಕಡ್ಡಿ ಬೆಳಗಿದ್ರು. ಅಲ್ಲೀಮಟಾ ಬರೋಬ್ಬರಿ. ಇಸಗೊಳ್ಳಾಕ ಹೋದ್ರ ಕೊಡವಲ್ರು.

"ಪೂಜಿ ಮಾಡಿದ್ದನ್ನ ಆ ಎಣ್ಣಿ ಜಿಡ್ಡಿನ್ಯಾಗ ಇಡ್ತೀರೇನು? ಮೊದಲ ಇಂಜಿನ್ ತೊಳದು ಬಾ."

ನಾ ಸೋಪಿನ ಪುಡಿ, ತೆಂಗಿನ ಗುಂಜು ಹಿಡಕೊಂಡು ಸಂಜೀಮಟಾ ಇಂಜಿನ್ ತಿಕ್ಕಿದ್ನಿ. ಆಯಿ ಬಂದು ಬಗ್ಗಿ, ಬೆರಳು ಆಡ್ಸಿ ನೋಡಿದ್ರು. ಕಡೀಕ ಸೆನ್ಸರ್ ಕೈಗೆ ಬಂತು. ಚಾಚಾ ಬಿಗದ್ರು, ಗಾಡಿ ಸುತ್ತಾಡ್ಸಿ ತಂದು ಬಂದ್ ಮಾಡಿದ್ವಿ, ಚಾ ಕುಡದ್ವಿ, ಕಿಲ್ಲಿ ತಿರುವಿದ್ವಿ. ಬೆರಳು ಹಚ್ಚೂದ್ರಾಗ ಚಾಲೂ. ನನ್ನ ಕಣ್ಣಾಗ ನೀರ ಬಂತು, ಸುಳ್ಳ ಯಾಕ ಹೇಳ್ಲಿ.

ಆಯಿ ಪಡಸಾಲಿಯಿಂದ ಅಂದ್ರು: "ನೋಡಿದೇನು, ಜಳಕಾ ಮಾಡ್ಸಿದ್ದಕ್ಕ ಸರಿ ಆತು. ಇಷ್ಟ ದಿನಾ ಹೊಲಸು ಇಟ್ಟು ಗಾಡಿಗೆ ಬೈದ್ರಿ."

ಹಿರೇಕೆರೂರು

ಮರದಿನಾ ಸಾವಕಾರ್ರು, ಅವರ ಮಗಾ, ನಾ ಹಿರೇಕೆರೂರಿಗೆ ಹೋದ್ವಿ. ಹುಡುಗಿ ಅಪ್ಪಾರು ಊರಾಗ ದೊಡ್ಡ ಮಂದಿ, ಗೋವಿನಜೋಳದ ವ್ಯಾಪಾರ. ಹುಡುಗಾ-ಹುಡುಗಿ ಮೊದಲ ಒಪ್ಪಿದ್ರು, ಕೊಡೂ-ತಗೊಳ್ಳೂ ಮಾತು ನೆಟ್ಟಗ ಆದ್ರ ಮುಗೀತು. ನಾ ಹೊರಗ ಗಾಡಿ ಹತ್ರ ನಿಂತು ಎಲ್ಲಾ ದೇವರಿಗೂ ಹರಕಿ ಹೊತ್ನಿ. ಈ ಸಲ ತಪ್ಪಿದ್ರ ಟ್ರ್ಯಾಕ್ಟರ್ರನ.

ಒಳಗ ಮಾತು ಚೊಲೋ ನಡೀತು. ಅವಲಕ್ಕಿ ಆತು, ಚಾ ಆತು. ಸಾವಕಾರ್ರಿಗೆ ಇನ್ನ ತಡೀಲಿಕ್ಕೆ ಆಗಲಿಲ್ಲ. ಇಷ್ಟು ದಿನಾ ಗಾಡಿ ಹೆಸರಿಲೆ ಊರೂರು ನಕ್ಕಿದ್ರಲ್ಲ, ಬೀಗರಿಗೆ ತೋರಿಸಬೇಕು ಅಂತ ಎಲ್ಲಾರ್ನೂ ಮನಿ ಮುಂದಿನ ಕಟ್ಟಿ ಮ್ಯಾಲ ಕರಕೊಂಡು ಬಂದ್ರು. ಎದಿ ಉಬ್ಬಿಸಿ, "ಹೊಂಡೂಣು. ಚಾಲೂ ಮಾಡೋ" ಅಂದ್ರು.

ಕಿಲ್ಲಿ ತಿರುವಿದ್ನಿ. ಗಾಡಿ ಬೆಕ್ಕಿನಂಗ ಗುರ್ ಅಂತು. ನಾ ಗೆದ್ನಿ ಅನ್ಕೊಂಡ್ನಿ.

ನೋಡ್ತೇನಿ, ಹುಡುಗಿ ಅಪ್ಪಾರ ಮಾರಿ ಕೆಂಪಗ ಆಗಿತ್ತು. ಒಳಗ ಹೆಣ್ಮಕ್ಕಳು ಸೌಟು ಹಿಡಕೊಂಡು ಬಾಗಲಾಗ ನಿಂತ್ರು. ಹೋಳಗಿ ವಾಸನಿ ನನಗ ಆಗ ಹತ್ತಿತು. ಅಪ್ಪಾರು ಶಾಲು ಹೆಗಲಮ್ಯಾಲ ಒಗದು ಅಂದ್ರು:

"ಸಾವಕಾರ್ರ, ಸವಣೂರಾಗ ಉಂಡ್ರಿ. ದುಂಡಸಿಯೊಳಗ ಸಾವಿನ ಮನಿಯಾಗೂ ಉಂಡ್ರಿ. ನಿಮ್ಮ ಗಾಡಿ ಊಟಾ ಆಗದ ಹೊಂಡಂಗಿಲ್ಲ ಅಂತ ಕೇಳಿ, ನಾವು ಮುಂಜಾನಿಂದ ಹೂರಣಾ ರುಬ್ಬೇವಿ. ನಮ್ಮ ಮನಿಗೆ ಬರಬೇಕಾದ್ರ ಮಾತ್ರ ಗಾಡಿ ರಿಪೇರಿ ಮಾಡಿಸ್ಕೊಂಡು ಬಂದ್ರೇನು? ಬೀಗತನ ಬ್ಯಾಡಂದ್ರ ಬಾಯಿಲೆ ಹೇಳ್ರಿ."

ಮಗಾ ಅಪ್ಪನ ಕಡೆ ನೋಡಿದಾ, ಅಪ್ಪ ನನ್ನ ಕಡೆ ನೋಡಿದ್ರು. ಕಣ್ಣಿಲೆ ಕೈ ಮುಗದಂಗ ನೋಡಿದ್ರು. ನನಗ ತಿಳೀತು. ಗಾಡಿ ಬಂದ್ ಮಾಡಿ, "ಯಾಕೋ ಸಪ್ಪಳಾ ಬರೋಬ್ಬರಿ ಇಲ್ರಿ" ಅಂದು ಬಾನೆಟ್ ಎತ್ತಿದ್ನಿ. ಎಲ್ಲಾರಿಗೂ ಬೆನ್ನು ಕೊಟ್ಟು, ಹೊಸಾ ಸೆನ್ಸರಿನ ವಾಯರ್ ಕಿತ್ನಿ. ಕಾದ ಇಂಜಿನ್ನಿನ ಸುದ್ದಿ ಪೆಟಗಿಗೆ ಮುಟ್ಟೂದು ತಪ್ಪಿತು. ಹೊಳ್ಳಿ ಬಂದು ಕಿಲ್ಲಿ ತಿರುವಿದ್ರ, ಕ್ಯಾಂಯ್ ಕ್ಯಾಂಯ್.

ಸಾವಕಾರ್ರು ಹಣಿ ಹಣಿ ಬಡಕೊಂಡ್ರು. "ನೋಡ್ರಿ ಬೀಗ್ರ, ನಾ ಏನ ಮಾಡ್ಲಿ? ಈ ಗಾಡಿ ನನ್ನ ಮಾನಾ ತಗೀತೈತಿ." ಹಂಗ ಅನ್ನೂವಾಗ ಅವರ ಮಾರಿ ಮ್ಯಾಲ ಇದ್ದ ಖುಷಿ ನಾ ಮತ್ತೆಂದೂ ನೋಡಲಿಲ್ಲ.

ಎಲಿ ಹಾಕಿದ್ರು. ಹೋಳಗಿ ಮ್ಯಾಲ ತುಪ್ಪಾ, ಕಟ್ಟಿನ ಸಾರು. ಉಣ್ಣಾಕುಂತಾಗನ ಉಳದ ಮಾತೂ ಮುಗದು ಲಗ್ನ ಗಟ್ಟಿ ಆತು. ಸಾವಕಾರ್ರು ಕೈ ತೊಳಕೊಳ್ಳೋ ನೆಪದಾಗ ನನ್ನ ಹತ್ರ ಬಂದು, "ಟ್ರ್ಯಾಕ್ಟರಿಗೆ ಬ್ಯಾರೇದಂವನ ನೋಡ್ತೇನಿ, ನೀ ಈ ಗಾಡಿ ಬಿಟ್ಟು ಇಳೀಬ್ಯಾಡ" ಅಂತ ಪಿಸುಗುಟ್ಟಿ ಹೋದ್ರು.

ನಾ ಹೊಟ್ಟಿ ತುಂಬ ಉಂಡು, ಗುಟ್ಟಿಲೆ ವಾಯರ್ ಹೊಳ್ಳಿ ಹಚ್ಚೂಣು ಅಂತ ಬಾನೆಟ್ ಎತ್ತಿದ್ನಿ. ಬಾಜೂ ಯಾರೋ ನಿಂತಂಗ ಆತು. ನೋಡಿದ್ರ ಹುಡುಗಿ ಅಪ್ಪಾರು. ನನ್ನ ಕೈಯಾನ ವಾಯರ್ ನೋಡಿದ್ರು, ನನ್ನ ಮಾರಿ ನೋಡಿದ್ರು.

ಅವರು ಆಕಡೆ ಈಕಡೆ ನೋಡಿ, ನನ್ನ ಹೆಗಲ ಮ್ಯಾಲ ಕೈ ಇಟ್ಟು, ಮೆಲ್ಲಕ ಅಂದ್ರು: "ತಮ್ಮಾ, ರಾತ್ರಿಗೆ ರೊಟ್ಟಿ-ಬದನಿಕಾಯಿ ಮಾಡ್ಸೇನಿ. ಅಲ್ಲೀಮಟಾ ಅದನ್ನ ಹಂಗ ಬಿಟ್ಟಿರು."